ಡಾಂಬರಿನ ಮೇಲೆ ಗುಡ್ಡಗಾಡು ಓಟವೇ?

ಗುಡ್ಡಗಾಡು ಓಟದ ಹೆಸರಿನಲ್ಲಿ ಶಾಲಾ ಮಕ್ಕಳನ್ನು ಡಾಂಬರು ರಸ್ತೆಯಲ್ಲಿ ಓಡಿಸುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಮುಂದೊಂದು ಬೈಕು, ಹಿಂದೊಂದು ಆಂಬುಲೆನ್ಸು ಬಿಟ್ಟುಕೊಂಡು ಓಡಿದರೆ ಅದು ರಸ್ತೆ ಓಟ, ಅಷ್ಟೆ. ದೊಡ್ಡಬಳ್ಳಾಪುರದವರಿಗೆ ಮಾಕಳಿದುರ್ಗ, ಹುಲುಕುಡಿಯ ತಪ್ಪಲಿದೆ. ನೆಲಮಂಗಲದವರಿಗೆ ಶಿವಗಂಗೆಯ ಬುಡವಿದೆ. ಬೆಟ್ಟ ಬೇಡವೆಂದರೆ ಕೆರೆ ಏರಿ, ನೀಲಗಿರಿ ತೋಪು, ರಾಗಿ ಹೊಲದ ಬದು. ದೇವನಹಳ್ಳಿ ಕಡೆಯವರಿಗೆ ಮಾತ್ರ ರಿಯಾಯಿತಿ ಕೊಡೋಣ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಅಲ್ಲಿ ಬದುಗಳನ್ನೆಲ್ಲ ಕಾಂಪೌಂಡುಗಳು ನುಂಗುತ್ತಿವೆ.

ಹೋಬಳಿ, ತಾಲ್ಲೂಕು ಮಟ್ಟದ ಕೂಟಗಳು ಮಳೆಗಾಲದಲ್ಲಿ ಬರುವುದೇ ಒಂದು ಭಾಗ್ಯ. ರಾತ್ರಿ ಒಂದು ಹದ ಮಳೆಯಾಗಿದ್ದರೆ ಕೆಮ್ಮಣ್ಣು ಷೂ ಅಡಿಗೆ ಮೆತ್ತಿಕೊಂಡು ಕಾಲು ಎತ್ತಲು ಬಿಡದು. ಬರಿಗಾಲಿನ ಹುಡುಗಿ ಅಲ್ಲಿ ಬೆರಳೂರಿ, ಸಣ್ಣ ಹೆಜ್ಜೆಯಲ್ಲಿ ಏರಿ ಹತ್ತಿಬಿಡುತ್ತಾಳೆ. ಆದರೆ ತೋಪಿನೊಳಗೆ ಉದುರಿದ ನೀಲಗಿರಿ ಕಾಯಿ ಅವಳ ಅಂಗಾಲಿಗೆ ಒತ್ತುತ್ತದೆ, ಷೂ ಹಾಕಿದವಳು ಬಾಕಿ ತೀರಿಸಿಕೊಳ್ಳುವುದು ಅಲ್ಲೇ.

ತಿರುವಿನಲ್ಲಿ ನಿಂತು ನೋಡಬೇಕು. ಯಾರೂ ಅಡ್ಡದಾರಿ ಹಿಡಿಯದಿರಲೆಂದು ಪಿ.ಟಿ. ಮೇಷ್ಟ್ರು ಸ್ಕೆಚ್ ಪೆನ್ನಿನಿಂದ ಕೈಗೆ ಗೀಟು ಎಳೆಯುತ್ತಾರೆ. ಹೊಸಬರು ಗಕ್ಕನೆ ನಿಲ್ಲುತ್ತಾರೆ, ಬೆವರಿಗೆ ಶಾಯಿ ಹತ್ತದೆ ಮತ್ತೆ ಕೈ ಚಾಚುತ್ತಾರೆ. ಪಳಗಿದವಳು ಹತ್ತು ಮಾರು ದೂರದಲ್ಲೇ ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡು, ವೇಗ ಮುರಿಯದೆ ಗೀಟು ಹಾಕಿಸಿಕೊಂಡು ಹೊರಟಿರುತ್ತಾಳೆ.

ಈ ಓಟಕ್ಕೆ ವಿಶ್ವದಾಖಲೆ ಎಂಬುದೇ ಇಲ್ಲ. ಒಂದು ನೆಲ ಇನ್ನೊಂದರಂತಿಲ್ಲ, ಗಡಿಯಾರ ಏನು ಹೇಳೀತು? ಒಲಿಂಪಿಕ್ಸ್‌ನಲ್ಲೂ ಕೆಲಕಾಲ ಇತ್ತು. 1924ರ ಪ್ಯಾರಿಸ್‌ನ ಸುಡು ಬಿಸಿಲಲ್ಲಿ ಹೊರಟ 38 ಮಂದಿಯಲ್ಲಿ ಗುರಿ ಮುಟ್ಟಿದವರು 15. ಗೆದ್ದ ಫಿನ್ಲೆಂಡಿನ ಪಾವೊ ನುರ್ಮಿ ಏನೂ ಆಗದವನಂತೆ ನಡೆದುಹೋದ, ಸ್ಪರ್ಧೆಯನ್ನು ಮಾತ್ರ ಒಲಿಂಪಿಕ್ಸ್‌ನಿಂದ ಕೈಬಿಟ್ಟರು.

ವಿಶ್ವ ಚಾಂಪಿಯನ್‌ಷಿಪ್‌ನ ಹಿರಿಯರ ವಿಭಾಗದಲ್ಲಿ ತಂಡದ ಆರು ಮಂದಿ ಓಡಿದರೆ ಮೊದಲು ಬಂದ ನಾಲ್ವರ ಸ್ಥಾನಗಳನ್ನು ಕೂಡುತ್ತಾರೆ. ಮೊತ್ತ ಕಡಿಮೆಯಿದ್ದವರು ಗೆದ್ದಂತೆ. ಅಂದರೆ ತಂಡದ ಹಣೆಬರಹ ನಾಲ್ಕನೆಯವಳ ಕಾಲಲ್ಲಿ. ನಮ್ಮ ಜನ ಮೂವರಿಗೆ ಚಪ್ಪಾಳೆ ತಟ್ಟಿ ಶಾಮಿಯಾನದತ್ತ ಹೊರಡುತ್ತಾರೆ. ನಾನು ಆಮೇಲೆ ಬರುವವರಿಗಾಗಿ ನಿಲ್ಲುತ್ತೇನೆ. ಪಕ್ಕೆ ಹಿಡಿದುಕೊಂಡೂ ಮುಂದಿನವಳ ಜಡೆಯ ಮೇಲೆ ಕಣ್ಣಿಟ್ಟು ಓಡುವವರು ಅಲ್ಲಿ ಸಿಗುತ್ತಾರೆ.

ಸಂಘಟಕರಿಗೆ ಖರ್ಚೇನೂ ಇಲ್ಲ. ಒಂದು ಚೀಲ ಸುಣ್ಣದ ಪುಡಿ, ನಾಲ್ಕು ಬಾವುಟ, ಹೊಲದವರದೊಂದು ಒಪ್ಪಿಗೆ. ಏರಿಯ ಮೇಲಿನ ಜಾಲಿಮುಳ್ಳನ್ನು ಮಾತ್ರ ಹಿಂದಿನ ದಿನವೇ ಸವರಿಸಿಬಿಡಿ.