ಆಲಿಸ್ ಕಥೆಯೂ ವಾಚಕರ ಅಭಿಪ್ರಾಯಭೇದವೂ

ಹಾಸ್ಯಗ್ರಂಥಗಳ ವಿಷಯದಲ್ಲಿ ವಾಚಕರೊಳಗೆ ಒಮ್ಮತವುಂಟಾಗುವುದು ಅಪೂರ್ವ. ಕರುಣರಸದಲ್ಲಿ ಬಹುಮಂದಿ ಒಂದೇ ಎಡೆಯಲ್ಲಿ ಕಣ್ಣೀರಿಡುವರು. ನಗುವವರಾದರೋ ಬೇರೆ ಬೇರೆ ಎಡೆಗಳಲ್ಲಿ ನಗುವರು. ಲೂಯಿಸ್ ಕ್ಯಾರಲ್ಲನ ‘ಆಲಿಸ್’ ಕಥೆಯು ಇದಕ್ಕೆ ಒಳ್ಳೆಯ ನಿದರ್ಶನ. ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ವಿದ್ಯಾಲಯದಲ್ಲಿ ಗಣಿತೋಪಾಧ್ಯಾಯನಾಗಿದ್ದ ಚಾರ್ಲ್ಸ್ ಡಾಜ್‌ಸನ್ ಎಂಬಾತನು 1862ನೆಯ ಜುಲೈ 4ರಂದು ದೋಣಿವಿಹಾರದಲ್ಲಿ ಮೂವರು ಬಾಲಕಿಯರಿಗೆ ಹೇಳಿದ ಕಥೆಯೇ ಬೆಳೆದು, 1865ರಲ್ಲಿ ಈ ಕಾವ್ಯನಾಮದಿಂದ ಗ್ರಂಥರೂಪವನ್ನು ತಾಳಿತು.

ಅದೇ ವರ್ಷದ ಡಿಸೆಂಬರಿನಲ್ಲಿ ‘ಅಥೀನಿಯಂ’ ಪತ್ರಿಕೆಯ ವಿಮರ್ಶಕನು, ಬೇಕೆಂದು ಹೆಣೆದ ಕನಸು ಕನಸಾಗಲಾರದೆಂದೂ, ಇಂತಹ ಕೃತಕವಾದ ಕಥೆಯಿಂದ ಮಗುವಿಗೆ ಸಂತೋಷಕ್ಕಿಂತ ಗೊಂದಲವೇ ಹೆಚ್ಚೆಂದೂ ಆಕ್ಷೇಪಿಸಿದನು. 1932ರಲ್ಲಿ ಕ್ಯಾರಲ್ಲನ ಶತಮಾನೋತ್ಸವದ ಸಂದರ್ಭದಲ್ಲಿ ಚೆಸ್ಟರ್‌ಟನ್ನನು, ಪಂಡಿತರ ಕೈಗೆ ಸಿಕ್ಕಿ ಆಲಿಸ್ ಪಾಠದ ವಸ್ತುವಾದಳಲ್ಲಾ ಎಂದು ಮರುಗಿದನು. 1939ರಲ್ಲಿ ವರ್ಜೀನಿಯಾ ವುಲ್ಫ್, ಇವು ಮಕ್ಕಳಿಗಾಗಿ ಬರೆದ ಗ್ರಂಥಗಳಲ್ಲ, ನಮ್ಮನ್ನೇ ಮಕ್ಕಳನ್ನಾಗಿ ಮಾಡುವ ಗ್ರಂಥಗಳೆಂದು ಅಭಿಪ್ರಾಯಪಟ್ಟಳು. ಇವರೆಲ್ಲರೂ ಓದಿದುದು ಒಂದೇ ಗ್ರಂಥವನ್ನು. ಹಾಗಾದರೆ ಭೇದವೆಲ್ಲಿ?

ನಮ್ಮ ಅಭಿಪ್ರಾಯದಲ್ಲಿ ಈ ಗ್ರಂಥದ ಹಾಸ್ಯವು ಮೂರು ಬಗೆಯದು. ಯಾವ ವಾಚಕನಿಗೆ ಯಾವುದು ದಕ್ಕುವುದೋ ಅದರಂತೆ ಅವನ ತೀರ್ಮಾನವಾಗುತ್ತದೆ. ಮೊದಲನೆಯದು ಶಬ್ದಶ್ಲೇಷೆ. ನೀರಿನಲ್ಲಿ ತೊಯ್ದ ಪ್ರಾಣಿಗಳ ಮೈ ಒಣಗಲೆಂದು ಇಲಿಯು ತನಗೆ ತಿಳಿದ ಅತ್ಯಂತ ಒಣ ಚರಿತ್ರೆಯನ್ನು ಹೇಳತೊಡಗುತ್ತದೆ. ದೈವವಶಾತ್ ನಮ್ಮ ‘ಒಣ’ ಶಬ್ದಕ್ಕೂ ಈ ಎರಡರ್ಥಗಳಿರುವುದರಿಂದ ಕನ್ನಡಿಗನೂ ನಗಬಲ್ಲನು. ಆದರೆ ಅದೇ ಇಲಿಯು ತನ್ನ ಕಥೆಯನ್ನು ಹೇಳುವಾಗ ಆಲಿಸ್ ಅದರ ಬಾಲವನ್ನು ನೋಡುವಳು. ಇಂಗ್ಲಿಷಿನಲ್ಲಿ ಕಥೆಗೂ ಬಾಲಕ್ಕೂ ಉಚ್ಚಾರಣೆ ಒಂದೇ. ಇಲ್ಲಿ ನಮ್ಮ ಭಾಷೆ ಒದಗುವುದಿಲ್ಲ.

ಎರಡನೆಯದು ಅಣಕ. ಐಸಾಕ್ ವಾಟ್ಸನು ಜೇನ್ನೊಣದ ಉದ್ಯೋಗಶೀಲತೆಯನ್ನು ಹೊಗಳಿ ಬರೆದ ನೀತಿಪದ್ಯವು ಆಲಿಸಳ ಬಾಯಲ್ಲಿ, ಮೀನುಗಳನ್ನು ನಗುತ್ತಾ ನುಂಗುವ ಮೊಸಳೆಯ ಪದ್ಯವಾಗುತ್ತದೆ. ಅಂದಿನ ಮಕ್ಕಳಿಗೆ ಮೂಲವು ಬಾಯಿಪಾಠವಾಗಿತ್ತು. ಇಂದಿನವರಿಗೆ ಅಣಕವು ಗೊತ್ತು, ಮೂಲವು ಅಪರಿಚಿತ. ಆದುದರಿಂದ ಒಂದೇ ಭಾಷೆಯ ವಾಚಕರಲ್ಲಿಯೂ ಕಾಲಭೇದದಿಂದ ರುಚಿಭೇದವುಂಟಾಗುವುದು.

ಮೂರನೆಯದು ತರ್ಕದ ಹಾಸ್ಯ. ಆಕಾಶದಲ್ಲಿ ಬೆಕ್ಕಿನ ತಲೆ ಮಾತ್ರ ಕಾಣಿಸಿಕೊಂಡಾಗ ಅದರ ಶಿರಚ್ಛೇದಕ್ಕೆ ಅಪ್ಪಣೆಯಾಗುತ್ತದೆ. ಮುಂಡವಿಲ್ಲದ ರುಂಡವನ್ನು ಕಡಿಯುವುದೆಂತೆಂದು ಕೊಲೆಗಾರನ ವಾದ. ರುಂಡವಿರುವುದೆಲ್ಲವನ್ನೂ ಕಡಿಯಬಹುದೆಂದು ಅರಸನ ವಾದ. ಇದು ಯಾವ ದೇಶದ ಕೋರ್ಟುಕಚೇರಿಯನ್ನು ಕಂಡವನಿಗಾದರೂ ಅರ್ಥವಾಗುವುದು. ಗಣಿತಜ್ಞನ ಕೈ ಇಲ್ಲಿ ಸ್ಪಷ್ಟವಾಗಿದೆ.

ಗ್ರಂಥವು ನಿರ್ದೋಷವೆಂದು ನಾವು ಹೇಳುವುದಿಲ್ಲ. ಘಟನೆಗಳಿಗೆ ಪರಸ್ಪರ ಬಂಧ ಸಡಿಲ; ಕೆಲವು ಪ್ರಕರಣಗಳನ್ನು ಹಿಂದುಮುಂದು ಮಾಡಿದರೂ ಹಾನಿಯಿಲ್ಲ. ಹುಸಿಯಾಮೆಯ ಪಾಠಶಾಲೆಯ ಪ್ರಕರಣವು ಶ್ಲೇಷೆಯ ಮೇಲೆಯೇ ನಿಂತಿರುವುದರಿಂದ ಪರಭಾಷೆಯವರಿಗೆ ಭಾರವಾಗುವುದು. ಇಷ್ಟರ ಮಟ್ಟಿಗೆ ‘ಅಥೀನಿಯಂ’ ವಿಮರ್ಶಕನ ಆಕ್ಷೇಪಣೆಗೆ ಆಧಾರವುಂಟು. ಆದರೆ ಉಪದೇಶವಿಲ್ಲವೆಂಬ ದೂರನ್ನು ನಾವು ಒಪ್ಪಲಾರೆವು. ಪ್ರತಿಯೊಂದು ಮಾತಿಗೂ ನೀತಿಯೊಂದನ್ನು ಅಂಟಿಸುವ ಡಚೆಸಳು ಕಥೆಯೊಳಗೇ ಇದ್ದಾಳೆ. ದೂರುವವರು ಆಕೆಯ ಪಕ್ಕದಲ್ಲಿ ತಮ್ಮನ್ನು ಕಾಣಬಹುದು.

ನಾ. ಕಸ್ತೂರಿಯವರು ಈ ಕಥೆಯನ್ನು ಕನ್ನಡಕ್ಕೆ ತಂದು ‘ಪಾತಾಳದಲ್ಲಿ ಪಾಪಚ್ಚಿ’ ಎಂದು ಹೆಸರಿಟ್ಟರು. ಕ್ಯಾರಲ್ಲನು 1864ರಲ್ಲಿ ಬಾಲಕಿಗೆ ಕೊಟ್ಟ ಹಸ್ತಪ್ರತಿಯ ಹೆಸರಿನಲ್ಲಿಯೂ ‘ಅದ್ಭುತಲೋಕ’ವಿರಲಿಲ್ಲ, ‘ನೆಲದಡಿ’ ಎಂದೇ ಇತ್ತು. ನಮ್ಮ ಪುರಾಣಗಳ ಪಾತಾಳವು ಆ ನೆಲದಡಿಯ ಲೋಕಕ್ಕೆ ಕನ್ನಡ ಮಗುವಿನ ಮನಸ್ಸಿನಲ್ಲಿ ಒಡನೆಯೇ ಎಡೆಮಾಡಿಕೊಡುತ್ತದೆ. ಶಬ್ದದ ಹಾಸ್ಯವನ್ನು ಸಾಗಿಸಲಾಗದೆಡೆಯಲ್ಲಿ ಅನುವಾದಕನು ತನ್ನ ನುಡಿಯ ಹಾಸ್ಯವನ್ನೇ ಹುಡುಕಬೇಕೆಂಬುದಕ್ಕೆ ಈ ಹೆಸರೇ ಸೂಚನೆ.

ಆದಕಾರಣ, ಈ ಗ್ರಂಥವು ತನಗೆ ರುಚಿಸಲಿಲ್ಲವೆನ್ನುವ ವಾಚಕನನ್ನು ಅರಸಿಕನೆಂದು ತಳ್ಳಿಹಾಕುವುದು ಉಚಿತವಲ್ಲ. ಮೂರರಲ್ಲಿ ಯಾವ ಹಾಸ್ಯವು ಅವನಿಗೆ ಮುಟ್ಟಲಿಲ್ಲವೆಂದು ಮೊದಲು ವಿಚಾರಿಸಬೇಕು. ವಿಮರ್ಶಕನ ಕೆಲಸವು ಅಲ್ಲಿಂದ ಆರಂಭವಾಗುತ್ತದೆ.