ಏಳೂಕಾಲು ಇಂಚಿನ ಕತ್ತು, ನಮ್ಮ ಗಮಕ

ಹಳೆಯ ಮಾದರಿಯ ಸ್ಟ್ರಾಟೊಕಾಸ್ಟರ್ ಗಿಟಾರ್ ಕೊಳ್ಳುವವರು ಬಣ್ಣ, ಪಿಕಪ್, ಮರ ಎಲ್ಲವನ್ನೂ ವಿಚಾರಿಸುತ್ತಾರೆ. ಫ್ರೆಟ್‌ಬೋರ್ಡಿನ ರೇಡಿಯಸ್ (ಅದರ ಬಾಗಿನ ತ್ರಿಜ್ಯ) ಎಷ್ಟು ಎಂದು ಕೇಳುವವರು ವಿರಳ. ಗಮಕ ನುಡಿಸಬೇಕೆನ್ನುವವರು ಮೊದಲು ಕೇಳಬೇಕಾದದ್ದು ಅದನ್ನೇ.

1954ರಲ್ಲಿ ಬಂದ ಸ್ಟ್ರಾಟೊಕಾಸ್ಟರಿನ ರೇಡಿಯಸ್ ಏಳೂಕಾಲು ಇಂಚು, ಅಂದರೆ 184 ಮಿ.ಮೀ. ನಟ್ ಹತ್ತಿರ ಕತ್ತಿನ ಅಗಲ 42 ಮಿ.ಮೀ. ಇದ್ದರೆ ನಡುಭಾಗ ಅಂಚಿಗಿಂತ ಸುಮಾರು 1.2 ಮಿ.ಮೀ. ಉಬ್ಬಿರುತ್ತದೆ. ಗಿಬ್ಸನ್ ಬಳಸುವ 12 ಇಂಚಿನಲ್ಲಿ ಅಷ್ಟೇ ಅಗಲಕ್ಕೆ ಉಬ್ಬು 0.7 ಮಾತ್ರ. ಕಣ್ಣಿಗೆ ಕಾಣದ ಈ ಅರ್ಧ ಮಿಲಿಮೀಟರ್ ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಬಾರ್ ಕಾರ್ಡ್ ಹಿಡಿದಾಗ ತೋರುಬೆರಳು ಆ ಉಬ್ಬಿನ ಮೇಲೆ ಸುಖವಾಗಿ ಕೂರುತ್ತದೆ. ರಾಜ್ಯೋತ್ಸವದ ಆರ್ಕೆಸ್ಟ್ರಾದಲ್ಲಿ ರಾತ್ರಿಯಿಡೀ ರಿದಂ ಹಿಡಿಯುವವರಿಗೆ ಇದಕ್ಕಿಂತ ಹಿತವಾದ ಕತ್ತು ಬೇರೆ ಇಲ್ಲ.

ತೊಂದರೆ ಶುರುವಾಗುವುದು ತಂತಿ ಎಳೆದಾಗ. ಸತ್ಯಮಂಗಲದಲ್ಲಿ ನನ್ನ ಹತ್ತಿರ ಕಲಿಯುವ ಹುಡುಗರು ಗಿಟಾರ್ ತಂದರೆ ನಾನು ಮಾಡಿಸುವುದು ಒಂದೇ ಪರೀಕ್ಷೆ. ಮೊದಲ ತಂತಿಯನ್ನು ಹದಿನೈದನೆಯ ಫ್ರೆಟ್ಟಿನಲ್ಲಿ ಒತ್ತಿ, ಮೀಟಿ, ನಡುವಿನ ಕಡೆಗೆ ನಿಧಾನವಾಗಿ ತಳ್ಳಬೇಕು. ಆ್ಯಕ್ಷನ್, ಅಂದರೆ ಫ್ರೆಟ್ಟಿನ ಮೇಲೆ ತಂತಿಯ ಎತ್ತರ, ಬಹಳ ತಗ್ಗಿಸಿದ ಏಳೂಕಾಲು ಇಂಚಿನ ಕತ್ತಿನಲ್ಲಿ ಸ್ವರ ಅರ್ಧಕ್ಕೇರುವಾಗಲೇ ಗರಗುಟ್ಟಿ, ತುದಿ ಮುಟ್ಟುವಷ್ಟರಲ್ಲಿ ಸತ್ತುಹೋಗುತ್ತದೆ. ಅಂಚಿನಿಂದ ಉಬ್ಬಿನ ಕಡೆಗೆ ಸರಿದ ತಂತಿ ಮುಂದಿನ ಫ್ರೆಟ್ಟುಗಳ ನೆತ್ತಿಗೆ ತಾಗುವುದೇ ಇದಕ್ಕೆ ಕಾರಣ.

ಇದನ್ನು ತಯಾರಕರ ತಪ್ಪು ಎನ್ನಲಾಗದು. ಐವತ್ತರ ದಶಕದಲ್ಲಿ ಕಟ್ಟುತ್ತಿದ್ದದ್ದು ದಪ್ಪ ತಂತಿ, ಮೂರನೆಯದಕ್ಕೂ ಲೋಹದ ಸುತ್ತು. ಅದನ್ನು ಒಂದು ಸ್ವರದಷ್ಟು ಎಳೆಯುವುದೇ ಕಷ್ಟವಿತ್ತು. ತೆಳು ತಂತಿಯ ಸೆಟ್ಟುಗಳು ಅಂಗಡಿಯಲ್ಲಿ ಸುಲಭವಾಗಿ ಸಿಗತೊಡಗಿದ್ದು ಅರವತ್ತರ ದಶಕದಲ್ಲಿ. ನಮ್ಮ ವೀಣೆಯ ಕಥೆ ಬೇರೆ. ಅದರ 24 ಮೆಟ್ಟುಗಳು ಮೇಣದ ಮೇಲೆ ಕೂತ ನೇರ ಪಟ್ಟಿಗಳು; ತಂತಿ ಎಷ್ಟು ಪಕ್ಕಕ್ಕೆ ಸರಿದರೂ ಏರಬೇಕಾದ ಉಬ್ಬು ಅಲ್ಲಿಲ್ಲ. ದೊಡ್ಡಬಳ್ಳಾಪುರದ ಕಡೆಯ ಸಿಂಪಾಡಿಪುರದಲ್ಲಿ ಹಲಸಿನ ಮರದಲ್ಲಿ ವೀಣೆ ಮಾಡುವವರು ಎಳೆತವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮೆಟ್ಟು ಕೂರಿಸುತ್ತಾರೆ. ತೋಡಿಯ ಗಾಂಧಾರವನ್ನು ರಿಷಭದ ಮೆಟ್ಟಿನಿಂದ ಎಳೆದು ತೂಗುವ ಕಿವಿ ನಮ್ಮದು. ಆ ಕಿವಿ ಇಟ್ಟುಕೊಂಡು ಗಿಟಾರ್ ಹಿಡಿಯುವವರಿಗೆ ಹಳೆಯ ರೇಡಿಯಸ್ ಸಾಲದು ಎಂಬುದೇ ನನ್ನ ಖಚಿತ ಅಭಿಪ್ರಾಯ.

ಹಾಗಂತ 16 ಇಂಚಿನ ಚಪ್ಪಟೆ ಕತ್ತಿಗೆ ಓಡಬೇಕಾಗಿಲ್ಲ. ಅದರಲ್ಲಿ ಹಳೆಯ ಸ್ಟ್ರಾಟಿನ ಹಿಡಿತವೇ ಉಳಿಯುವುದಿಲ್ಲ. ನಡುವೆ ಒಂಬತ್ತೂವರೆ ಇಂಚು ಇದೆ. ಸ್ಕ್ವಯರ್ ಕ್ಲಾಸಿಕ್ ವೈಬ್ ಮಾದರಿಗಳು ಹಳೆಯ ರೂಪಕ್ಕೆ ಈ ರೇಡಿಯಸ್ ಜೋಡಿಸಿವೆ. ಹಳೆಯದರ ನಿಷ್ಠಾವಂತರಿಗೆ ಇದು ಅಪಚಾರ ಅನ್ನಿಸಬಹುದು. ನನಗೆ ಮಾತ್ರ ಅದು ವಿವೇಕದ ಆಯ್ಕೆಯಾಗಿಯೇ ಕಾಣುತ್ತದೆ: ಕಾರ್ಡಿನ ಸುಖ ಬಹುಪಾಲು ಉಳಿಯುತ್ತದೆ, ಎಳೆದ ಸ್ವರವೂ ಬದುಕುತ್ತದೆ.

ಏಳೂಕಾಲು ಇಂಚಿನದು ಈಗಾಗಲೇ ಕೈಯಲ್ಲಿದ್ದರೆ ಕತ್ತನ್ನು ಉಜ್ಜಿಸಿ ಹಾಳುಮಾಡಬೇಡಿ. ಹದಿನೇಳನೆಯ ಫ್ರೆಟ್ಟಿನ ಬಳಿ ದಪ್ಪ ತಂತಿಗೆ 2 ಮಿ.ಮೀ., ತೆಳು ತಂತಿಗೆ 1.6 ಎತ್ತರವನ್ನು ಸ್ಟ್ರಾಟೊಕಾಸ್ಟರ್ ತಯಾರಿಸುವ ಫೆಂಡರ್ ಕಂಪನಿಯೇ ಸೂಚಿಸುತ್ತದೆ. ಅಲ್ಲಿಂದ ಶುರುಮಾಡಿ, ಗರಗುಟ್ಟಿದರೆ ತೆಳು ತಂತಿಗಳ ಸ್ಯಾಡಲ್ ಇನ್ನೊಂದಿಷ್ಟು ಎತ್ತಿ. ಅದಕ್ಕೂ ಬಗ್ಗದಿದ್ದರೆ ಕೈಪಳಗಿದವರ ಹತ್ತಿರ ಮೇಲಿನ ಫ್ರೆಟ್ಟುಗಳ ನಡುಭಾಗವನ್ನು ಮಾತ್ರ ಕೂದಲೆಳೆಯಷ್ಟು ತಗ್ಗಿಸಿಕೊಂಡರೆ ಸಾಕು. ಕೆಳಗಿನ ಫ್ರೆಟ್ಟುಗಳನ್ನು ಮುಟ್ಟಿಸುವ ಅಗತ್ಯವಿಲ್ಲ.