ಕತ್ತಲಿಗೂ ಹೊತ್ತು ಕೊಡುವ ಕಾದಂಬರಿಗಳು

ನಮ್ಮ ಓದುಗರಲ್ಲಿ ಹರಿಶ್ಚಂದ್ರನ ಕಥೆ ಗೊತ್ತಿಲ್ಲದವರು ಯಾರಿದ್ದಾರೆ? ಆ ಕಥೆ ಹೇಳುವ ಕವಿ ರಾಘವಾಂಕ ಮಸಣದ ಇರುಳನ್ನು ಅವಸರದಲ್ಲಿ ದಾಟುವುದಿಲ್ಲ. ಸತ್ತ ಲೋಹಿತಾಶ್ವನನ್ನು ಅಪ್ಪಿಕೊಂಡ ಚಂದ್ರಮತಿ ಅತ್ತು ಮುಗಿಸುವ ತನಕ ದೇವರೂ ಕಾಯಬೇಕು. ಕ್ರೈಸ್ತ ಐತಿಹಾಸಿಕ ಕಾದಂಬರಿ ಓದಲು ಬೇಕಾದದ್ದೂ ಅದೇ ತಾಳ್ಮೆ.

ಇಂಥ ಕಾದಂಬರಿಗೆ ನಮ್ಮ ನಾಡಿನಲ್ಲೇ ದೊಡ್ಡ ವಸ್ತುವಿದೆ. 1784ರ ಬೂದಿ ಬುಧವಾರದ ಹೊತ್ತಿಗೆ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕೊಂಕಣಿ ಕ್ರೈಸ್ತರ ಸೆರೆ ಶುರುವಾಯಿತು. ಅವರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಬಿಡುಗಡೆಯಾದದ್ದು 1799ರಲ್ಲಿ, ಕೋಟೆ ಬಿದ್ದ ಮೇಲೆ. ಸೆರೆಯಾದವರು 30 ಸಾವಿರವೆಂದು ಒಬ್ಬರು, 80 ಸಾವಿರವೆಂದು ಇನ್ನೊಬ್ಬರು ಬರೆದಿದ್ದಾರೆ. ಈ ಸಂಕಟವನ್ನು ವಿ.ಜೆ.ಪಿ. ಸಲ್ಡಾನ್ಹಾ ‘ಬೆಳ್ತಂಗಡಿಚೊ ಬಾಲ್ತಜಾರ್’, ‘ದೆವಾಚೆ ಕುರ್ಪೆನ್’ ಮುಂತಾದ ಕೊಂಕಣಿ ಕಾದಂಬರಿಗಳಿಗೆ ತಂದರು. ಮಂಗಳೂರಿನ ಕೊಂಕಣಿಗೆ ಲಿಪಿ ಕನ್ನಡದ್ದೇ. ಭಾಷೆ ಬಲ್ಲ ನೆರೆಯವರಿದ್ದರೆ ಗಟ್ಟಿಯಾಗಿ ಓದಿಸಿಕೊಂಡು ಕೇಳಿ.

ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ತೀರ್ಪಿಗಾಗಿ ಪುಟ ತಿರುವಿದರೆ ಇಂಥ ಕಾದಂಬರಿ ಕೈಗೆ ಸಿಗುವುದಿಲ್ಲ. ಘಟ್ಟದ ಏರಿನಲ್ಲಿ ಮುದುಕಿಯ ಗಂಟನ್ನು ಯಾರು ಹೊತ್ತರು, ಹೆದರಿ ನಂಬಿಕೆ ಬಿಟ್ಟವನ ಪಕ್ಕದಲ್ಲಿ ಬಿಡದವನು ಊಟಕ್ಕೆ ಕೂತನೇ ಎಂದು ನೋಡಿ. ನನ್ನ ಮಟ್ಟಿಗೆ ವಿಮೋಚನೆ ಮೊಳೆಯುವುದು ಅಲ್ಲಿ, ಸೆರೆಯೊಳಗೇ. ಕೋಟೆ ಬಿದ್ದದ್ದನ್ನೇ ದೇವರ ಕೃಪೆಯೆಂದು ತೋರಿಸಿ ಕಥೆ ಮುಗಿಸುವ ಲೇಖಕ, ಆ ಹದಿನೈದು ವರ್ಷಗಳಲ್ಲಿ ಸತ್ತವರಿಗೆ ಏನು ಉತ್ತರ ಕೊಟ್ಟಾನು?

ಬೆಳಕು ಪರಧರ್ಮದವರ ಕೈಯಿಂದಲೂ ಬರಬಹುದು. ಕರಾವಳಿಯ ಇಗರ್ಜಿಗಳು ನೆಲಸಮವಾಗುತ್ತಿದ್ದಾಗ ಮೂಡುಬಿದಿರೆಯ ಹೋಲಿ ಕ್ರಾಸ್ ಇಗರ್ಜಿ ಉಳಿದದ್ದು ಅಲ್ಲಿನ ಜೈನ ಅರಸ ಚೌಟನ ಮಾತಿನಿಂದ ಎಂದು ಚರಿತ್ರೆ ಹೇಳುತ್ತದೆ. ಕ್ರೈಸ್ತರೆಲ್ಲ ಸಂತರು, ಉಳಿದವರೆಲ್ಲ ದುಷ್ಟರು ಎಂದು ಬರೆದ ಪುಸ್ತಕದಲ್ಲಿ ಈ ಅರಸನಿಗೆ ಜಾಗವೇ ಇರುವುದಿಲ್ಲ. ಜಪಾನಿನ ಶುಸಾಕು ಎಂಡೊ 1966ರ ‘ಸೈಲೆನ್ಸ್’ನಲ್ಲಿ ಇನ್ನೂ ಮುಂದೆ ಹೋಗುತ್ತಾನೆ: ಚಿತ್ರಹಿಂಸೆಯಲ್ಲಿರುವವರನ್ನು ಉಳಿಸಲು ಪಾದ್ರಿಯೇ ಕ್ರಿಸ್ತನ ಬಿಂಬವನ್ನು ತುಳಿಯುತ್ತಾನೆ. ಅದು ಪತನವೋ ಪ್ರೀತಿಯೋ, ಓದುಗ ತಾನೇ ತೂಗಬೇಕು.

ಮೊದಲ ಓದಿಗೆ ಸಾಗರದ ನಾ. ಡಿಸೋಜ ಅವರ ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಒಳ್ಳೆಯದು. ಮಲೆನಾಡಿನ ಕ್ರೈಸ್ತರ ಮನೆ, ಮಾತು, ಪ್ರಾರ್ಥನೆ, ಜಗಳಗಳ ಪರಿಚಯವಾದ ಮೇಲೆ ಸೆರೆಯ ಕಥೆಗಳಿಗೆ ಹೋಗಿ. ಆಗ ಘಟ್ಟ ಹತ್ತುವವರು ಗುರುತಿನವರಾಗಿರುತ್ತಾರೆ.